ಅಪ್‌ಡೇಟ್: ತೋಟದ ಟೆರಾಕೋಟಾ ಶಿಲ್ಪಗಳ ಬಿಳಿ ಪುಡಿ ನಿಂತಿತು

ಮಡಗಾಂವ್‌ನ ನಮ್ಮ ಮನೆ ತೋಟದಲ್ಲಿ ನಾನು ಮಾಡಿಟ್ಟ ಟೆರಾಕೋಟಾ ಶಿಲ್ಪಗಳ ಬುಡದಲ್ಲಿ ಬಿಳಿ ಪುಡಿ ಏಳುತ್ತಿದೆ ಅಂತ ಕೇಳಿದ್ದೆ, ಅಲ್ವಾ? ಆ ಪುಡಿ ಉಪ್ಪು ಅಂತ ಗೊತ್ತಾಯ್ತು, ಈಗ ನಿಂತಿದೆ.

ವಿನೆಗರ್ ಹಚ್ಚಿದರೆ ಆ ಹೊತ್ತಿಗೆ ಮಾಯ, ಒಣಗಿದ ಮೇಲೆ ಮತ್ತೆ ಹಾಜರ್. ನೀರು ತಡೆಯಲು ಬಳಿಯುವ ಸೀಲರ್ ಇನ್ನೂ ಕೆಟ್ಟದು. ಹಳೇ ಹೂಜಿಗೆ ಬಳಿದು ನೋಡಿದೆ, ನೀರು ಒಳಗೇ ಸಿಕ್ಕಿಕೊಂಡು ಮೇಲಿನ ಪದರ ಚಕ್ಕೆಚಕ್ಕೆಯಾಗಿ ಎದ್ದು ಬಂತು.

ಕೆಲಸಕ್ಕೆ ಬಂದಿದ್ದು ಧಾರವಾಡದ ಅಕ್ಕ ಒಬ್ಬರು ಹೇಳಿದ ಉಪಾಯ: ಪುಡಿಯನ್ನು ಒಣ ಬ್ರಷ್‌ನಲ್ಲೇ ಉದುರಿಸಿ, ಶಿಲ್ಪವನ್ನು ಬಕೆಟ್ ನೀರಲ್ಲಿ ನೆನೆಹಾಕಿ, ನೀರು ಬದಲಿಸುತ್ತಾ ಇರಿ, ಪೂರ್ತಿ ಒಣಗಿಸಿ, ಆಮೇಲೆ ಪೀಠದ ಮೇಲೆ ನೀರು ಅಷ್ಟಾಗಿ ಹೀರದ ಕಡಪ ಕಲ್ಲಿಟ್ಟು ಅದರ ಮೇಲೆ ಕೂರಿಸಿ. ದೊಡ್ಡ ಕುದುರೆ ಬಕೆಟ್‌ಗೆ ಎಲ್ಲಿ ಹಿಡಿಯುತ್ತೆ! ಅದರ ಕಾಲಿಗೆ ಒದ್ದೆ ಕಾಗದದ ಮುದ್ದೆ ಮೆತ್ತಿ ಒಣಗಲು ಬಿಟ್ಟೆ. ಉಪ್ಪು ಕಾಗದಕ್ಕೆ ಇಳಿಯಿತು.

ಗೊತ್ತೇ ಇರದಿದ್ದ ವಿಷಯ ಅಂದ್ರೆ ಪೀಠದ ಚಿರೆಕಲ್ಲೇ (ತೂತುತೂತಾದ ಕೆಂಪು ಕಲ್ಲು) ನೆಲದ ನೀರನ್ನು ಉಪ್ಪಿನ ಸಮೇತ ಮೇಲಕ್ಕೆ ಎಳೆಯುತ್ತಿತ್ತು. ಪಕ್ಕದ ಸ್ಟೋನ್‌ವೇರ್ (ಹೆಚ್ಚು ಬಿಸಿಯಲ್ಲಿ ಸುಟ್ಟ ಗಟ್ಟಿ ಮಣ್ಣು) ಬಟ್ಟಲುಗಳಿಗೆ ಏನೂ ಆಗಿರಲಿಲ್ಲ. ಅವು 1200 ಡಿಗ್ರಿ ದಾಟಿ ಸುಟ್ಟವು, ನೀರು ಕುಡಿಯುವುದೇ ಕಡಿಮೆ. ಟೆರಾಕೋಟಾ 1000ದ ಆಸುಪಾಸು, ಜಾಸ್ತಿ ಕುಡಿಯುತ್ತೆ.

ಕಡಪ ಕಲ್ಲು ಬೇಕಾದರೆ ಅಡುಗೆಕಟ್ಟೆ ಕೂರಿಸುವವರನ್ನು ಕೇಳಿ. ಉಳಿದ ತುಂಡುಗಳನ್ನು ನನಗಂತೂ ಸುಮ್ನೆ ಕೊಟ್ಟರು.