ಕೂಸಿಗೆ ಎರಿಯೋ ಅಜ್ಜಿಗೆ ಹೆಂಗ ಹೇಳ್ಲಿ? (ಎರ್ಬ್ಸ್ ಪಾಲ್ಸಿ, ಬಲಗೈ)

ರಾಣೆಬೆನ್ನೂರು ತಾಯಿ:

ಎಲ್ಲಾರಿಗೂ ನಮಸ್ಕಾರ. ನನ್ನ ಮಗಗ ಇವತ್ತಿಗೆ 68 ದಿನ. ಹುಟ್ಟಿದಾಗ 4 ಕೆಜಿ 200 ಗ್ರಾಂ ಇದ್ದ. ತಲಿ ಹೊರಗ ಬಂತು, ಭುಜ ಸಿಕ್ಕೊಂತು, ಎಳದು ತಗದ್ರು. ಅವತ್ತಿನಿಂದ ಬಲಗೈ ಎತ್ತವಲ್ಲ. ಕೈ ಮೈಗೆ ಅಂಟಿ, ಒಳಗ ತಿರುಗಿ, ಅಂಗೈ ಹಿಂದ ಮಾಡಿ ಮಲಗತಾನ. ಬೆರಳು ಮಾತ್ರ ಚಲೋ ಆಡಸ್ತಾನ, ನನ್ನ ಸೆರಗ ಗಟ್ಟಿ ಹಿಡೀತಾನ. ಕುತ್ತಿಗಿಯಿಂದ ಕೈಗೆ ಬರೋ ಸಿ5, ಸಿ6 ನರಕ್ಕ ಪೆಟ್ಟಾಗೇತಿ, ಇದಕ್ಕ ಎರ್ಬ್ಸ್ ಪಾಲ್ಸಿ ಅಂತಾರ, ಮೂರು ತಿಂಗಳ ತನಕ ನೋಡೋಣು ಅಂದಾರ ಡಾಕ್ಟರು. ದಿನಾ ಕ್ಯಾಲೆಂಡರ್ ಮ್ಯಾಲ ಗೀಟು ಹೊಡೀತೀನಿ.

ಈಗಿನ ತ್ರಾಸು ಬ್ಯಾರೇ. ಎರಿಯಾಕ ಬರೋ ಅಜ್ಜಿ ನಮ್ಮ ಓಣ್ಯಾಗಿನ ಎಲ್ಲಾ ಮಕ್ಕಳಿಗೂ ಎರದಾಕಿ, ನನ್ನ ಗಂಡಗೂ ಅಕೀನ ಎರದಾಳ. ಎಣ್ಣಿ ತಿಕ್ಕಿ, ಬಲಗೈ ಎಡಗಾಲು ಅಡ್ಡ ಕೂಡಿಸಿ ಜಗ್ಗತಾಳ. ರಟ್ಟಿ ಹಿಡದು ಎತ್ತತಾಳ. "ನರ ಹೊಳ್ಳೇತಿ, ನಾ ತಿದ್ದತೀನಿ" ಅಂತಾಳ. ಅತ್ತಿಯವ್ರೂ ಅಕಿ ಕಡೆನ. ಬ್ಯಾಡ ಅಂದ್ರ, "ನಿನಗ ಸಕ್ಕರಿ ಇತ್ತು, ಅದಕ್ಕ ಕೂಸು ದಪ್ಪ ಆತು" ಅನ್ನೋದಕ್ಕ ಬಂದು ನಿಲ್ಲತೈತಿ ಮಾತು. ನೀವೆಲ್ಲಾ ಏನ್ ಮಾಡಿದ್ರಿ?

ಹಾಸನದ ಅಮ್ಮ:

ಎಳೆಯೋದು ಇವತ್ತೇ ನಿಲ್ಲಿಸಿ ಕಣಮ್ಮ. ಕಂಕುಳಿಗೆ ಕೈ ಹಾಕಿ ಎತ್ತೋದೂ ಬೇಡ. ಕತ್ತಿನ ಕೆಳಗೊಂದು ಕೈ, ಕುಂಡಿ ಕೆಳಗೊಂದು ಕೈ. ಅಂಗಿ ಹಾಕುವಾಗ ಪೆಟ್ಟಾದ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ.

ನಮ್ಮ ಮನೇಲೂ ಇದೇ ರಾಮಾಯಣ. ನಾನು ಜಗಳ ಆಡಿ ಸೋತೆ. ಕೊನೆಗೆ ಎರೆಯೋ ಅಜ್ಜಿಯನ್ನೇ ಫಿಸಿಯೋ ಹತ್ರ ಕರ್ಕೊಂಡು ಹೋದೆ. ಆಯಮ್ಮ ಗೊಂಬೆ ಇಟ್ಕೊಂಡು ತೋರಿಸಿದ್ರು: ಮೊಣಕೈ ಪಕ್ಕೆಗೆ ಒತ್ತಿ ಹಿಡಿದು, ಮುಂಗೈ ಮಾತ್ರ ಬಾಗಿಲು ತೆಗೆದ ಹಾಗೆ ನಿಧಾನಕ್ಕೆ ಹೊರಗೆ ತಿರುಗಿಸಿ, ಹತ್ತು ಎಣಿಸೋದು. ಭುಜ ಬಿಗಿದುಕೊಳ್ಳದ ಹಾಗೆ ಇದು. ಅಜ್ಜಿ ಒಂದು ಸಲ ನೋಡಿ ಕಲಿತುಬಿಟ್ಟರು. ನನ್ನ ಕೈ ನಡುಗ್ತಿತ್ತು, ಅವರ ಕೈ ನಡುಗಲಿಲ್ಲ. ಆಮೇಲೆ ಬಟ್ಟೆ ಬದಲಿಸಿದಾಗಲೆಲ್ಲ ಮಾಡಿಸ್ತಿದ್ದುದು ಅವರೇ.

ಇನ್ನೊಂದು. "ನೋಡೋಣ" ಅಂದರೆ ಸುಮ್ನೆ ಕೂರೋದಲ್ಲ. ಎಷ್ಟೋ ಮಕ್ಕಳಿಗೆ ತಾನಾಗೇ ಸರಿಹೋಗುತ್ತೆ, ನಿಜ. ಆದರೆ ಮೂರು ತಿಂಗಳಾದ್ರೂ ಮೊಣಕೈ ಮಡಿಸದಿದ್ರೆ ನರದ ಆಪರೇಷನ್ ಮಾಡೋರಿಗೆ ತೋರಿಸಲೇಬೇಕು. ಅಪಾಯಿಂಟ್‌ಮೆಂಟ್ ಈಗಲೇ ತಗೊಳ್ಳಿ. ನನ್ನ ಮಗಳಿಗೆ ಆರನೇ ತಿಂಗಳಲ್ಲಿ ಆಯ್ತು, ಮೀನಖಂಡದಿಂದ ನರ ತೆಗೆದು ಕತ್ತಿನ ಹತ್ರ ಜೋಡಿಸಿದ್ರು. ನರ ಬೆಳೆಯೋದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಅಷ್ಟೇ. ಆಪರೇಷನ್ ಆಗಿ ಎಂಟು ತಿಂಗಳ ಮೇಲೆ ಒಂದು ದಿನ ಬಿಸ್ಕತ್ತು ಬಾಯಿಗೆ ತಗೊಂಡು ಹೋದ್ಲು. ಅರ್ಧ ದಾರೀಲಿ ಬಿತ್ತು. ನಾಯಿ ತಿಂತು. ನಾನು ಅಳ್ತಾ ಕೂತೆ.

ಈಗ ಏಳು ವರ್ಷ. ಸೈಕಲ್ ಹೊಡೀತಾಳೆ. ಜಡೆ ಮಾತ್ರ ನಾನೇ ಹಾಕಬೇಕು, ಕೈ ಹಿಂದಕ್ಕೆ ಹೋಗಲ್ಲ.

ಪುತ್ತೂರಿನವ:

ನಾನು ತಂದೆಯೂ ಅಲ್ಲ, ತಾಯಿಯೂ ಅಲ್ಲ, ಆ ಕೂಸೇ ನಾನು ಮಾರಾಯ್ರೆ. 36 ವರ್ಷ, ಬಲಗೈ. ನಮ್ಮ ಕಾಲಕ್ಕೆ ಆಪರೇಷನ್ ಅಂತ ಹೇಳುವವರೇ ಇರಲಿಲ್ಲ.

ದೇವಸ್ಥಾನದಲ್ಲಿ ತೀರ್ಥ ತಗೊಳ್ಳುದೇ ನನಗೆ ದೊಡ್ಡ ಪರೀಕ್ಷೆ. ಅಂಗೈ ಮೇಲೆ ತಿರುಗುದಿಲ್ಲ. ಎಡಗೈ ಚಾಚಿದರೆ ಭಟ್ರು ಗದರುದು. ಈಗ ಬಲಗೈಯನ್ನು ಎಡಗೈಯಲ್ಲಿ ತಿರುಗಿಸಿ ಹಿಡಿದು, ಇಡೀ ಮೈ ವಾಲಿಸಿ ನಿಲ್ಲುತ್ತೇನೆ. ಭಕ್ತಿ ಜಾಸ್ತಿ ಅಂತ ಭಾವಿಸಿದವರೂ ಇದ್ದಾರೆ. ಊಟದ ಪಂಕ್ತಿಯಲ್ಲಿ ಬಲತುದಿ ಹಿಡಿಯುದು, ಇಲ್ಲದಿದ್ದರೆ ಮೊಣಕೈ ಪಕ್ಕದವರ ಪಾಯಸಕ್ಕೆ. ಜರ್ಮನಿಯ ಕೈಸರ್ ಎರಡನೇ ವಿಲ್ಹೆಲ್ಮ್, 1859ರಲ್ಲಿ ಹುಟ್ಟಿದವ, ಅವನದ್ದೂ ಇದೇ ಕಥೆ, ಎಡಗೈ. ಫೋಟೋದಲ್ಲಿ ಆ ಕೈ ಅಡಗಿಸಿಯೇ ನಿಲ್ಲುತ್ತಿದ್ದ. ಮದುವೆ ಆಲ್ಬಮ್ಮಿನಲ್ಲಿ ನಾನೂ ಹಾಗೆಯೇ ನಿಂತಿದ್ದೇನೆ, ರಾಜ್ಯ ಒಂದು ಇಲ್ಲ ಅಷ್ಟೆ.

ಸಕ್ಕರೆ ಮಾತಿಗೆ ಹೇಳುದು. ನನ್ನ ಅಮ್ಮನಿಗೂ ಎಲ್ಲರೂ ಹಾಗೇ ಹೇಳಿದ್ದು. ಈಗಲೂ ನಾನು ಶರ್ಟು ಹಾಕುವಾಗ ಅವಳು ಒಳಗೆ ಹೋಗಿಬಿಡುತ್ತಾಳೆ. ಕೈಗಿಂತ ಅದೇ ನನಗೆ ಕಷ್ಟ. ನಿಮ್ಮ ಮಗ ಶರ್ಟು ಹಾಕುವಾಗ ನೀವು ಅಲ್ಲೇ ಕೂತಿರಿ ಅಕ್ಕ. ಗುಂಡಿ ಅವನೇ ಹಾಕಲಿ, ತಡವಾದರೆ ಆಗಲಿ.

ರಾಣೆಬೆನ್ನೂರು ತಾಯಿ:

ಇಬ್ಬರದೂ ಎರಡೆರಡು ಸಲ ಓದಿದೆ. ಮನೆಯವ್ರಿಗೂ ಓದಿ ಹೇಳಿದೆ. ಅವ್ರು ಏನೂ ಅನ್ನಲಿಲ್ಲ, ಎದ್ದು ಹೋಗಿ ಕೂಸಿನ ಬಲಗೈ ಹಿಡಕೊಂಡು ಕುಂತ್ರು. ಇಷ್ಟು ದಿನ ಆ ಕೈ ಮುಟ್ಟಾಕ ಅಂಜತಿದ್ರು.

ಅಜ್ಜಿನ್ನ ಕೇಳಿದೆ, "ಹುಬ್ಬಳ್ಳಿಗೆ ಬರ್ತಿಯೇನಬೇ, ಡಾಕ್ಟರು ನಿನಗ ಏನೋ ತೋರಸ್ತಾರಂತ." ಮೊದಲು ಸಿಟ್ಟಾದ್ಲು. ಆಮ್ಯಾಲ "ಹೆಂಗೂ ನಮಗ ಬಸ್ ಫ್ರೀ ಐತೆಲ್ಲ" ಅಂದ್ಲು. ಗುರುವಾರ ಏಳೂವರಿ ಬಸ್ಸಿಗೆ ಹೊಂಟೀವಿ. ಅಲ್ಲೀತನಕ ಬರೇ ನೀರು ಹಾಕತೀನಿ, ಜಗ್ಗಂಗಿಲ್ಲ ಅಂತ ಕೂಸಿನ ತಲಿ ಮುಟ್ಟಿ ಹೇಳ್ಯಾಳ.