ಅವ್ವನ ತಾಳಿಯ ಹವಳ, ಸಮುದ್ರದಲ್ಲಿ ಬಿಳಿಚುತ್ತಿರುವ ಹವಳ: ಎರಡೂ ಒಂದೆಯೇ?

ವಿಜ್ಞಾನ ಶಿಕ್ಷಕ, ಗಂಗಾವತಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಒಂಬತ್ತನೆಯ ತರಗತಿಯಲ್ಲಿ ಹವಳದ ದಿಬ್ಬಗಳ ವಿಷಯ ಬಂದಾಗ, ನಮ್ಮ ಅಜ್ಜಿ ಬಹಳ ವರ್ಷಗಳ ಹಿಂದೆ ರಾಮೇಶ್ವರ ಯಾತ್ರೆಯಿಂದ ತಂದು ದೇವರ ಜಗಲಿಯ ಮೇಲಿಟ್ಟಿದ್ದ ಬಿಳಿ ಕಲ್ಲೊಂದನ್ನು ಮಕ್ಕಳಿಗೆ ತೋರಿಸಿದೆ. ಅಂಗೈಯಗಲದ ಕಲ್ಲು ಅದು. ಮೈತುಂಬ ಸಾಸಿವೆ ಕಾಳು ಕೂರುವಷ್ಟು ಸಣ್ಣ ಗುಳಿಗಳಿದ್ದು, ಒಂದೊಂದು ಗುಳಿಯೊಳಗೂ ನಡುವಿನಿಂದ ಅಂಚಿನವರೆಗೆ ಬಂಡಿ ಗಾಲಿಯ ಅರಗಳಂತೆ ತೆಳುವಾದ ಗೋಡೆಗಳಿವೆ. ಅದನ್ನು ಕೈಯಲ್ಲಿ ಹಿಡಿದ ಹುಡುಗಿಯೊಬ್ಬಳು, "ಸರ್, ನಮ್ಮವ್ವನ ತಾಳಿಯಲ್ಲಿರುವ ಹವಳ ಕೆಂಪಗಿದೆ, ಇದು ಬೆಳ್ಳಗಿದೆ. ಇವೆರಡರಲ್ಲಿ ಸತ್ತ ಹವಳ ಯಾವುದು?" ಎಂದು ಕೇಳಿದಳು. ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ.

ಇನ್ನೊಂದು ಸಂದೇಹವೂ ಇದೆ. ಹೊಲಗಳಿಂದ ಹರಿದುಬರುವ ರಸಗೊಬ್ಬರ ಹವಳಕ್ಕೆ ಕುತ್ತು ತರುತ್ತದೆ ಎಂದು ಓದಿದ್ದೇನೆ. ನಮ್ಮ ಕಾಲುವೆ ಕೆಳಗಿನ ಭತ್ತದ ಗದ್ದೆಗಳಿಗೆ ಹಾಕುವ ಯೂರಿಯಾದ ಒಂದು ಪಾಲು ಬಸಿದು ತುಂಗಭದ್ರೆಯನ್ನು ಸೇರಿ, ಮುಂದೆ ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹಾಗಾದರೆ ಸಮುದ್ರವನ್ನೇ ಕಾಣದ ನಾವೂ ಹವಳದ ಸಾವಿಗೆ ಕಾರಣರೆಂದು ಮಕ್ಕಳಿಗೆ ಹೇಳಬಹುದೇ?

ಸಿಂಧನೂರಿನವಳು, ಈಗ ತೂತ್ತುಕುಡಿಯಲ್ಲಿ ಸಂಶೋಧಕಿ

ಗುರುಗಳೇ, ಎರಡೂ ಸತ್ತ ಹವಳಗಳೇ, ಆದರೆ ಎರಡೂ ಬೇರೆ ಬೇರೆ ಜೀವಿಗಳವು. ತಾಳಿಗೆ ಪೋಣಿಸುವ ಕೆಂಪು ಹವಳ ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದ ಮಬ್ಬುಗತ್ತಲಿನ ಬಂಡೆಗಳಲ್ಲಿ ಬೆಳೆಯುವಂಥದು. ಅದರ ಕೆಂಪು ಅಸ್ಥಿಯಲ್ಲೇ ಬೆರೆತಿರುವುದರಿಂದ ಜೀವ ಹೋದ ಮೇಲೂ ಉಳಿಯುತ್ತದೆ. ಅದು ದಿಬ್ಬ ಕಟ್ಟುವುದಿಲ್ಲ. ನಿಮ್ಮ ಅಜ್ಜಿಯ ಕಲ್ಲು ದಿಬ್ಬ ಕಟ್ಟುವ ಜಾತಿಯದು. ಅದರ ಒಂದೊಂದು ಗುಳಿಯೂ ಪಾಲಿಪ್ ಎಂಬ ಒಂದೊಂದು ಮೆತ್ತನೆಯ ಪ್ರಾಣಿಯ ಮನೆಯಾಗಿತ್ತು.

ಈ ಪ್ರಾಣಿಯ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸವಾಗಿರುತ್ತದೆ. ಬಿಸಿಲಿನಲ್ಲಿ ಆಹಾರ ತಯಾರಿಸಿ ತನಗೆ ಆಸರೆ ಕೊಟ್ಟ ಹವಳಕ್ಕೆ ಬೇಕಾದ ಶಕ್ತಿಯ ಬಹುಪಾಲನ್ನು, ಕೆಲವು ಕಡೆ ಶೇ. 90ರವರೆಗೂ, ಒದಗಿಸುವುದು ಅದೇ. ಜೀವಂತ ಹವಳದ ಕಂದು, ಹಸಿರು ಬಣ್ಣಗಳೂ ಬಹುಮಟ್ಟಿಗೆ ಅದರವೇ. ಸಮುದ್ರದ ನೀರು ಆ ಜಾಗದ ಬೇಸಿಗೆಯ ಗರಿಷ್ಠ ಮಟ್ಟಕ್ಕಿಂತ ಒಂದೇ ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ ಕೆಲವು ವಾರ ಹಾಗೆಯೇ ನಿಂತರೂ ಈ ಕೂಡುಬಾಳು ಕೆಡುತ್ತದೆ, ಹವಳ ಪಾಚಿಯನ್ನು ಹೊರಹಾಕುತ್ತದೆ. ಆಗ ನೀರಿನೊಳಗೆ ಇಳಿದು ನೋಡಿದರೆ ನನಗೆ ನೆನಪಾಗುವುದು ನಮ್ಮೂರಿನ ಹತ್ತಿ ಒಡೆದ ಹೊಲ, ಕಣ್ಣು ಹಾಯುವಷ್ಟು ದೂರ ಬಿಳುಪು. ಹತ್ತಿರ ಹೋದರೆ ಅಸ್ಥಿಯ ಮೇಲೆ ಗಾಜಿನಂಥ ತೆಳುಮಾಂಸ ಇನ್ನೂ ಉಸಿರಾಡುತ್ತಿರುವುದು ಕಾಣುತ್ತದೆ. ಬಿಳಿಚಿದ ಹವಳ ಸತ್ತಿರುವುದಿಲ್ಲ, ಹಸಿದಿರುತ್ತದೆ ಎಂಬುದನ್ನು ಮಕ್ಕಳಿಗೆ ದಯವಿಟ್ಟು ಒತ್ತಿ ಹೇಳಿ. ನೀರು ಬೇಗ ತಂಪಾದರೆ ಪಾಚಿ ಮರಳುತ್ತದೆ. ತಡವಾದರೆ ಪ್ರಾಣಿ ಸಾಯುತ್ತದೆ, ಆಮೇಲೆ ಬೇರೆ ಬಗೆಯ ಪಾಚಿ ಅಸ್ಥಿಯನ್ನು ಮುಚ್ಚುತ್ತದೆ.

ಗೊಬ್ಬರದ ವಿಷಯಕ್ಕೆ ಬರುತ್ತೇನೆ. ಅದು ಹವಳಕ್ಕೆ ಹಾನಿಕರವೆಂಬ ಮಾತು ನಿಜ, ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಕಬ್ಬಿನ ಹೊಲಗಳಿಂದ ಬರುವ ಗೊಬ್ಬರದ ನೀರು ದೊಡ್ಡ ಸಮಸ್ಯೆಯೇ ಆಗಿದೆ. ಆದರೆ ನಮ್ಮ ನದಿಯ ಮಟ್ಟಿಗೆ ಆ ಆರೋಪ ನಿಲ್ಲುವುದಿಲ್ಲ. ಕೃಷ್ಣೆ, ಗೋದಾವರಿಗಳು ಹೊತ್ತುತರುವ ಹೂಳು ಮತ್ತು ಸಿಹಿನೀರಿನ ಕಾರಣ ಅವುಗಳ ಮುಖಜ ಭೂಮಿಯ ಬಳಿ ಹವಳದ ದಿಬ್ಬಗಳೇ ಇಲ್ಲ. ಭಾರತದಲ್ಲಿ ಅವು ಇರುವುದು ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್ ನಿಕೋಬಾರ್ ಮತ್ತು ಕಚ್ ಕೊಲ್ಲಿಗಳಲ್ಲಿ. ನಮ್ಮ ರಾಜ್ಯದಲ್ಲಿ ಮುರ್ಡೇಶ್ವರದ ಎದುರಿನ ನೇತ್ರಾಣಿಯ ಸುತ್ತ ಒಂದಿಷ್ಟು ಹವಳ ಉಂಟು.

ನಮ್ಮ ಜಿಲ್ಲೆಗಳಿಗೂ ಹವಳಕ್ಕೂ ಇರುವ ನಂಟು ನೀರಿನದಲ್ಲ, ಹೊಗೆಯದು. ಶಕ್ತಿನಗರ, ಕುಡತಿನಿಗಳ ವಿದ್ಯುತ್ ಸ್ಥಾವರಗಳಲ್ಲಿ ಉರಿಯುವ ಕಲ್ಲಿದ್ದಲಿನ ಇಂಗಾಲದ ಡೈಆಕ್ಸೈಡ್‌ಗೆ ಗಡಿಯಿಲ್ಲ. ಜಗತ್ತಿನ ಎಲ್ಲ ಚಿಮಣಿಗಳ ಹೊಗೆಯೊಡನೆ ಅದೂ ಸೇರಿ ಭೂಮಿಯ ಕಾವು ಏರಿಸುತ್ತದೆ, ಆ ಕಾವಿನ ಬಹುಪಾಲನ್ನು ಸಮುದ್ರವೇ ನುಂಗುತ್ತದೆ. ಜಗತ್ತಿನಾದ್ಯಂತ ಹವಳ ಬಿಳಿಚಿದ್ದು 1998ರಲ್ಲಿ, ಬಳಿಕ 2010ರಲ್ಲಿ, ಆಮೇಲೆ 2014ರಿಂದ 2017ರವರೆಗೆ. ನಾಲ್ಕನೆಯದು 2023ರಲ್ಲಿ ಆರಂಭವಾಗಿ, ಜಗತ್ತಿನ ದಿಬ್ಬಗಳ ಶೇ. 80ಕ್ಕೂ ಹೆಚ್ಚು ಭಾಗಕ್ಕೆ ಬಿಸಿ ತಟ್ಟಿಸಿತು. ಎರಡು ಬಿಸಿಗಳ ನಡುವಿನ ಬಿಡುವು ಕಡಿಮೆಯಾಗುತ್ತಿರುವುದೇ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತರುವ ಸಂಗತಿ, ಏಕೆಂದರೆ ಸತ್ತ ದಿಬ್ಬ ಮತ್ತೆ ತುಂಬಿಕೊಳ್ಳಲು ಹತ್ತು ವರ್ಷವಾದರೂ ಬೇಕು.

ಚಿನಿವಾರ, ಬಳ್ಳಾರಿ

ಮೇಡಂ ಅವರ ಮಾತಿಗೆ ನನ್ನ ಕಸುಬಿನ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ನಮ್ಮ ಸೀಮೆಯ ತಾಳಿಗಳಲ್ಲಿ ಕರಿಮಣಿಯ ನಡುವೆ ಹವಳ ಇರಲೇಬೇಕೆಂಬ ಮನೆತನಗಳು ಬಹಳ. ಕುಜದೋಷಕ್ಕೆಂದು ಉಂಗುರ ಮಾಡಿಸುವವರೂ ಮಂಗಳವಾರಕ್ಕೆ ತಪ್ಪದೆ ಬರುತ್ತಾರೆ. ಕೆಂಪು ಹವಳದ ಕೊಂಬೆ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ದಪ್ಪವಾಗುವುದಿಲ್ಲವೆಂದು ತಿಳಿದ ದಿನ, ತಕ್ಕಡಿಯಲ್ಲಿದ್ದ ದಪ್ಪ ಮಣಿಯೊಂದನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ. ನಮ್ಮ ಮುತ್ತಜ್ಜನ ಕಾಲದಲ್ಲಿ ಚಿಗುರಿದ ಕೊಂಬೆಯಿಂದ ಅದನ್ನು ಕಡಿದಿರಬಹುದು. ಈಗ ಪೇಟೆಗೆ ಬರುವ ಅಗ್ಗದ ಮಣಿಗಳಲ್ಲಿ ಬಣ್ಣ ಹಾಕಿದ ಬಿದಿರು ಹವಳ (ಅದು ಬೇರೆ ಜಾತಿಯ ಹವಳ), ಗಾಜು, ಪ್ಲಾಸ್ಟಿಕ್ ಎಲ್ಲವೂ ಇವೆ. ಮದುವೆಯ ಮನೆಯವರಿಗೆ ನಾನು ಹೇಳುವುದು ಇಷ್ಟೇ: ಅಜ್ಜಿಯ ಹವಳ ಮನೆಯಲ್ಲಿದ್ದರೆ ಅದನ್ನೇ ತನ್ನಿ, ಹೊಳಪು ಕೊಟ್ಟು ಪೋಣಿಸಿಕೊಡುತ್ತೇನೆ. ವ್ಯಾಪಾರ ಸ್ವಲ್ಪ ಕಡಿಮೆಯಾದರೂ ಬಹಳ ಮಂದಿ ಒಪ್ಪುತ್ತಾರೆ.

ಎಂಜಿನಿಯರ್, ರಾಯಚೂರು

ಸಹೋದರಿ, ಕಾರಣ ಜಗತ್ತಿನ ಹೊಗೆಯೇ ಆಗಿದ್ದರೆ ಮನ್ನಾರ್ ಕೊಲ್ಲಿಗೆ ಕಾವಲು ಹಾಕಿ ಏನು ಫಲ? ಪಂಪ್‌ಸೆಟ್‌ಗೆ ಕರೆಂಟ್ ಬೇಕೆಂದು ರೈತರು ರಾತ್ರಿಯಿಡೀ ಕಾಯುವ ಊರಿನಲ್ಲಿ ಕಲ್ಲಿದ್ದಲು ಬೇಡವೆಂದು ಹೇಳುವುದಾದರೂ ಹೇಗೆ?

ಸಿಂಧನೂರಿನವಳು

ಅಣ್ಣಾ, ಕಾವಲಿನಿಂದ ಫಲವಿದೆ. ಮನ್ನಾರ್ ಕೊಲ್ಲಿಯ 21 ದ್ವೀಪಗಳಲ್ಲಿ ಎರಡು ಈಗ ನೀರಿನಡಿಗೆ ಹೋಗಿವೆ. ಅಲ್ಲಿ ದಶಕಗಳ ಕಾಲ ಸುಣ್ಣಕ್ಕೂ ಕಟ್ಟಡಕ್ಕೂ ಹವಳವನ್ನು ಅಗೆದದ್ದು ಅದಕ್ಕೆ ಮುಖ್ಯ ಕಾರಣ. ದಿಬ್ಬ ಹೋದ ಮೇಲೆ ಅಲೆಯ ಹೊಡೆತವನ್ನು ತಡೆಯುವುದು ಏನೂ ಉಳಿಯಲಿಲ್ಲ. 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿದ ಮೇಲೆ ಆ ಅಗೆತ ತಗ್ಗಿತು. (ಗುರುಗಳೇ, ಅಂಥ ಕಲ್ಲನ್ನು ಆರಿಸಿ ತರುವುದೂ ಮಾರುವುದೂ ಈಗ ಅಪರಾಧ. ಯಾತ್ರೆಗೆ ಹೋಗುವ ಮಕ್ಕಳಿಗೆ ಇದನ್ನು ತಿಳಿಸಿರಿ.) ಮೀನಿನ ಮಾತೂ ಇದೆ. ಗಿಳಿಮೀನಿನಂಥವು ಪಾಚಿಯನ್ನು ಮೇಯ್ದು ಎಳೆಯ ಹವಳ ಕಚ್ಚಿಕೊಳ್ಳಲು ಜಾಗ ಮಾಡಿಕೊಡುತ್ತವೆ. ಲಕ್ಷದ್ವೀಪದವರು ತಲೆಮಾರುಗಳಿಂದ ಗಾಳ ಹಾಕಿ ಹೊರಗಡಲಿನ ಟ್ಯೂನಾ ಹಿಡಿದು ಬದುಕಿದ್ದರಿಂದ ದಿಬ್ಬದ ಮೀನುಗಳು ಉಳಿದುಕೊಂಡವು, ಈಗ ಅವುಗಳಿಗೂ ಬೇಡಿಕೆ ಬರುತ್ತಿರುವುದು ಚಿಂತೆಯ ವಿಷಯ.

ಕರೆಂಟ್ ಬೇಡವೆಂದು ನಾನು ಹೇಳಲಾರೆ, ನಮ್ಮಪ್ಪನೂ ಆ ರಾತ್ರಿ ಪಾಳಿಗೆ ಕಾದವರೇ. ಆದರೆ ಕುಷ್ಟಗಿ, ಯಲಬುರ್ಗಾ ಕಡೆ ತಿರುಗುತ್ತಿರುವ ಗಾಳಿಯಂತ್ರಗಳಿಂದ ಬರುವುದೂ ಕರೆಂಟೇ ಅಲ್ಲವೇ? ಭೂಮಿಯ ತಾಪ ಕೈಗಾರಿಕಾ ಯುಗಕ್ಕೆ ಮುಂಚೆ ಇದ್ದುದಕ್ಕಿಂತ 1.5 ಡಿಗ್ರಿ ಏರಿದರೆ ಹವಳದ ದಿಬ್ಬಗಳು ಶೇ. 70ರಿಂದ 90ರಷ್ಟು ಕುಗ್ಗುತ್ತವೆ, 2 ಡಿಗ್ರಿ ಏರಿದರೆ ಶೇ. 99ಕ್ಕೂ ಹೆಚ್ಚು ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2018ರಲ್ಲಿ ಹೇಳಿದೆ. ಆ ಅರ್ಧ ಡಿಗ್ರಿಯೊಳಗೆ ಉಳಿಯಬಹುದಾದ ದಿಬ್ಬಗಳಿಗಾಗಿಯೇ ನಾವು ಇಲ್ಲಿ ನೀರಿಗೆ ಇಳಿಯುತ್ತಿದ್ದೇವೆ.

ವಿಜ್ಞಾನ ಶಿಕ್ಷಕ, ಗಂಗಾವತಿ ತಾಲ್ಲೂಕು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಗೊಬ್ಬರದ ಬಗ್ಗೆ ನಾನು ತಪ್ಪು ಪಾಠ ಹೇಳಲಿದ್ದೆ, ತಿದ್ದಿದಿರಿ. ಇಂದು ಆ ಕಲ್ಲನ್ನು ಮತ್ತೆ ತರಗತಿಗೆ ಒಯ್ದು, ಒಂದು ಗುಳಿಯೆಂದರೆ ಒಂದು ಪ್ರಾಣಿಯ ಮನೆ ಎಂದು ಹೇಳಿದೆ. ಮಕ್ಕಳು ಅದರ ಮೇಲೆ ಒಂದು ರೂಪಾಯಿಯ ನಾಣ್ಯವಿಟ್ಟು ಸುತ್ತ ಗೆರೆ ಎಳೆದು, ಗೆರೆಯೊಳಗಿನ ಗುಳಿಗಳನ್ನು ಎಣಿಸಿದರು. ನಲವತ್ತಮೂರು ಮನೆಗಳಾದವು. ಉಳಿದವನ್ನು ನಾಳೆ ಎಣಿಸುತ್ತಾರಂತೆ.