ಪದ ಬೇಕು: ಶಾರ್ತ್ರ್ ಕೆಥೆಡ್ರಲಿನ ‘ಸ್ಟೇನ್ಡ್ ಗ್ಲಾಸ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಅರ್ಜೆಂಟಾಗಿ ಒಂದು ಪದ ಬೇಕು. ಫ್ರಾನ್ಸಿನ ಶಾರ್ತ್ರ್ ಕೆಥೆಡ್ರಲಿನ ಕಿಟಕಿಗಳ ಫೋಟೋ ಪ್ರದರ್ಶನಕ್ಕೆ ಕನ್ನಡ ಫಲಕ ಬರೆಯುತ್ತಿದ್ದೇನೆ. ನಾಳೆ ಬೆಳಗ್ಗೆ ಪ್ರಿಂಟಿಗೆ ಹೋಗಬೇಕು. ನನ್ನ ಕೈಗೆ ಬಂದ ಕರಡಿನಲ್ಲಿ ‘ಕಲೆಯಾದ ಗಾಜಿನ ಕಿಟಕಿಗಳು’ ಅಂತ ಇದೆ. ಓದಿದವರೊಬ್ಬರು ‘ಒರೆಸಿ ಫೋಟೋ ತೆಗೀಬಾರದಿತ್ತಾ?’ ಅಂತ ಕೇಳಿದರು.

ನನಗೆ ಹೊಳೆದದ್ದು ಮೂರು: ವರ್ಣಗಾಜು, ಚಿತ್ರಗಾಜು, ಬಣ್ಣ ಬಳಿದ ಗಾಜು. ತಲೆಬರಹದಲ್ಲಿ ಎರಡೇ ಪದಕ್ಕೆ ಜಾಗ. ಅದರ ಕೆಳಗಿನ ಸಾಲು ಹೀಗಿದೆ: “1194ರ ಬೆಂಕಿಯಲ್ಲಿ ಹಳೆಯ ಕಟ್ಟಡದ ಬಹುಭಾಗ ಸುಟ್ಟುಹೋಯಿತು. ಈಗಿರುವ ____ಗಳಲ್ಲಿ ಹೆಚ್ಚಿನವು 13ನೇ ಶತಮಾನದ ಮೊದಲ ದಶಕಗಳವು.” ದಯವಿಟ್ಟು ಬಿಟ್ಟ ಸ್ಥಳ ತುಂಬಿಕೊಡಿ.

ಮರು: ಪದ ಬೇಕು

ವರ್ಣಗಾಜು ಅರಿಸಮಾಸ. ಬಿಡಿ. ಚಿತ್ರಗಾಜೂ ಅದೇ ಜಾತಿ. ಬಣ್ಣಗಾಜು ಆಗಬಹುದು, ಎರಡೂ ತದ್ಭವ.

ಆದರೆ ತೊಂದರೆ ಇರುವುದು ಗಾಜಿನಲ್ಲಲ್ಲ, ಕಿಟಕಿಯಲ್ಲಿ. ‘ಗವಾಕ್ಷ’ ಇರುವಾಗ ಕಿಟಕಿ ಯಾಕೆ? ಗೋವಿನ ಕಣ್ಣು! ಫ್ರೆಂಚರೂ ದುಂಡನೆಯ ಕಿಟಕಿಗೆ ‘ಎತ್ತಿನ ಕಣ್ಣು’ ಎಂದೇ ಹೇಳುತ್ತಾರೆ. ಇಂಗ್ಲಿಷಿನ ವಿಂಡೋ ಹಳೆಯ ನಾರ್ಸ್ ಭಾಷೆಯಲ್ಲಿ ‘ಗಾಳಿಯ ಕಣ್ಣು’. ಎಲ್ಲಿ ಹೋದರೂ ಕಣ್ಣೇ. ನಮ್ಮ ‘ಕಂಡಿ’ ಕೂಡ ‘ಕಾಣ್’ನಿಂದಲೇ ಬಂದದ್ದು ಅಂತ ಮೊದಲಿನಿಂದಲೂ ಹೇಳುತ್ತಿದ್ದೇನೆ. ಈ ಗುಂಪಿನಲ್ಲಿ ಕೇಳುವವರಿಲ್ಲ.

ಮರು: ಮರು: ಪದ ಬೇಕು

ಮೇಷ್ಟ್ರು ಎಂದಿನಂತೆ ಸಂಸ್ಕೃತಕ್ಕೆ ಹೋಗಿ ಬಂದದ್ದಾಯಿತು. ಕಂಡಿ, ಕಾಣ್ ಎರಡೂ ‘ಕ’ದಿಂದ ಶುರುವಾಗುತ್ತವೆ. ಅಷ್ಟೇ ಪುರಾವೆ.

ಗಾಜು ‘ಕಾಚ’ದ ಮಗ. ಬಣ್ಣ ‘ವರ್ಣ’ದ ಮಗ. ಕಿಟಕಿ ಬಡಗಣದ ‘ಖಿಡಕಿ’ಯ ನೆಂಟ. ಇದರಲ್ಲಿ ಕನ್ನಡ ಎಲ್ಲಿದೆ ತೋರಿಸಿ. ತಮಿಳರು ಗಾಜಿಗೂ ಮುಖ ನೋಡುವುದಕ್ಕೂ ‘ಕಣ್ಣಾಡಿ’ ಅನ್ನುತ್ತಾರೆ. ನಮಗೇನು ದಾಡಿ? ಗಾಜಿಗೆ ಕನ್ನಡಿ, ಕಿಟಕಿಗೆ ಕಿಂಡಿ. ‘ಕನ್ನಡಿಗಿಂಡಿ’ ಅಂತ ಬರೆಯಿರಿ. ಬಣ್ಣ ಇದೆ ಅಂತ ಹೇಳುವುದೇ ಬೇಡ, ಫೋಟೋ ನೋಡಿದರೆ ಕಾಣುತ್ತದೆ.

ಮರು: ಕನ್ನಡಿಗಿಂಡಿ

ಕನ್ನಡಿಗರ ಗಿಂಡಿ ಅಂತ ಓದಿಕೊಂಡೆ. ನೀರು ಕುಡಿಯೋಣ ಅಂತ ಒಳಗೆ ಬಂದೆ.

ಅಣ್ಣಾ, ಕನ್ನಡದಲ್ಲಿ ಕನ್ನಡಿ ಅಂದರೆ ಮುಖ ಕಾಣುವುದು. ಪ್ರದರ್ಶನಕ್ಕೆ ಬಂದವರು ತಲೆ ಬಾಚಿಕೊಂಡು ಹೋಗುತ್ತಾರೆ. ‘ಬಣ್ಣದ ಬೆಳಕಿಂಡಿ’ ಆಗಲ್ವಾ? ಆ ಕಿಟಕಿಗಳ ಕೆಲಸವೇ ಬೆಳಕಿಗೆ ಬಣ್ಣ ಹಾಕುವುದು. ಒಂದೇ ಅಳುಕು: ಬೆಳಕಿಂಡಿ ಅಂದರೆ ನನ್ನ ಕಣ್ಣಿಗೆ ಮಾಡಿನ ಸಂದಿಯ ಪುಟ್ಟ ತೂತು ಬರುತ್ತದೆ. ಇವು ಮೂರಾಳು ಎತ್ತರ ಮೀರಿದವು.

ಮರು: ಪದ ಬೇಕು (ಗಾಜಿನ ಕೆಲಸದವನಿಂದ)

ನಾನು ಪಂಡಿತ ಅಲ್ಲ. ಬಣ್ಣದ ಗಾಜು ಕತ್ತರಿಸಿ ಸೀಸದಲ್ಲಿ ಕೂಡಿಸುವ ಕೆಲಸ ಸ್ವಲ್ಪ ಕಲಿತವನು. ಏನೇ ಬರೆಯಿರಿ, ‘ಬಣ್ಣ ಬಳಿದ ಗಾಜು’ ಮಾತ್ರ ಬರೆಯಬೇಡಿ. ಅದು ತಪ್ಪು.

ಆ ಗಾಜಿಗೆ ಯಾರೂ ಬಣ್ಣ ಬಳಿದಿಲ್ಲ. ಬಣ್ಣ ಹುಟ್ಟುವುದು ಗಾಜು ಕರಗಿ ಕುದಿಯುವ ಕುಲುಮೆಯಲ್ಲೇ. ಶಾರ್ತ್ರ್ ಅಂದಕೂಡಲೇ ಜನ ಹೇಳುವ ಆ ನೀಲಿ ಕೋಬಾಲ್ಟಿನದು. ನೇರಳೆ ಮ್ಯಾಂಗನೀಸಿನದು. ಕೆಂಪು ತಾಮ್ರದ್ದು, ಅದರದು ಬೇರೆಯೇ ಪೇಚು. ಗಾಜು ಪೂರ್ತಿ ಕೆಂಪಾದರೆ ಬೆಳಕೇ ದಾಟುವುದಿಲ್ಲ, ಕಪ್ಪಗೆ ಕಾಣುತ್ತದೆ. ಅದಕ್ಕೆ ಬಿಳಿ ಗಾಜಿನ ಮೇಲೆ ಕೆಂಪಿನ ತೆಳು ಪದರ ಹೊದಿಸುತ್ತಿದ್ದರು. ಆಮೇಲೆ ಒಂದೊಂದು ಬಣ್ಣದ ತುಂಡನ್ನೂ ಬೇಕಾದ ಆಕಾರಕ್ಕೆ ಕತ್ತರಿಸಿ, ಎರಡೂ ಬದಿ ಸೀಳಿರುವ ಸೀಸದ ಪಟ್ಟಿಗೆ ಸಿಕ್ಕಿಸಿ, ಬೆಸುಗೆ ಹಾಕುವುದು. ಕುಂಚ ಬರುವುದು ಕಣ್ಣು, ಮೂಗು, ಬಟ್ಟೆಯ ನೆರಿಗೆ ಬರೆಯಲು ಮಾತ್ರ. ಲೋಹದ ಪುಡಿಗೆ ಗಾಜಿನ ಪುಡಿ ಬೆರೆಸಿದ ಕಪ್ಪು ಬಣ್ಣ ಅದು. ಬರೆದು ಮತ್ತೆ ಸುಡುತ್ತಾರೆ.

ನಿಜವಾಗಿ ‘ಸ್ಟೇನ್’ ಅನ್ನಬಹುದಾದದ್ದು ಒಂದೇ. ಬೆಳ್ಳಿಯ ಲೇಪ ಹಚ್ಚಿ ಸುಟ್ಟಾಗ ಗಾಜಿನೊಳಗೇ ಇಳಿಯುವ ಹಳದಿ. ಅದು ರೂಢಿಗೆ ಬಂದದ್ದು 14ನೇ ಶತಮಾನದ ಆರಂಭದಲ್ಲಿ. ಅಷ್ಟೊತ್ತಿಗೆ ಶಾರ್ತ್ರ್‌ನ ಹೆಚ್ಚಿನ ಕಿಟಕಿಗಳು ಕೂತು ಐವತ್ತು ವರ್ಷದ ಮೇಲಾಗಿತ್ತು. ಅಂದರೆ ಇಂಗ್ಲಿಷಿನ ಪದವೇ ಅಲ್ಲಿಗೆ ಸರಿಹೊಂದುವುದಿಲ್ಲ. ನಾವು ಅದರ ಬಾಲ ಹಿಡಿದು ‘ಕಲೆ’ ಹುಡುಕುತ್ತಿದ್ದೇವೆ.

ಫ್ರೆಂಚಿನ ‘ವಿತ್ರಾಯ್’ನಲ್ಲಿ ಬಣ್ಣವೂ ಇಲ್ಲ, ಕಲೆಯೂ ಇಲ್ಲ. ಅದರ ಬೇರು ಬರೀ ಗಾಜು. ಜರ್ಮನ್ನರು ‘ಗಾಜಿನ ಮೇಲಿನ ಚಿತ್ರ’ ಅನ್ನುತ್ತಾರೆ. ಬೆಂಕಿಯಿಂದ ಉಳಿದ ಹಳೆಯ ಗಾಜಿನಲ್ಲಿ, ಸುಮಾರು 1180ರ ಒಬ್ಬ ಮೇರಿ ಮಾತೆ ಇದ್ದಾಳೆ. ಅವಳ ಹೆಸರೇ ‘ಚೆಲುವಾದ ಗಾಜಿನ ಕಿಟಕಿಯ ಮಾತೆ’. ಕಿಟಕಿಯಿಂದ ದೇವರಿಗೆ ಹೆಸರು! ಆ ಫಲಕಕ್ಕಾದರೂ ಚೆನ್ನಾಗಿರುವ ಪದ ಇಡಿ.

‘ಸೀಸಗಾಜು’ ಅಂತ ಒಮ್ಮೆ ಅಂದುಕೊಂಡೆ. ಸೀಸೆ ನೆನಪಾಯಿತು. ಬೇಡ. ನನ್ನ ಮತ ಬಣ್ಣಗಾಜಿಗೆ. ಗಾಜೇ ಬಣ್ಣದ್ದು, ಪದವೂ ಅದನ್ನೇ ಹೇಳುತ್ತದೆ.

ಮರು: ಮರು: ಪದ ಬೇಕು

ಕೆಲಸ ಗೊತ್ತಿದ್ದರೆ ಪದವೂ ಗೊತ್ತಿರುತ್ತದೆ ಅಂತೇನಿಲ್ಲ. ಅದಿರಲಿ, ‘ಕೆಥೆಡ್ರಲ್’ ಬಗ್ಗೆ ಯಾರೂ ಉಸಿರೇ ಎತ್ತಿಲ್ಲ. ಅದನ್ನು ಹಾಗೇ ನುಂಗಿಬಿಟ್ಟಿರಾ?

ಮರು: ಕೆಥೆಡ್ರಲ್

ಕರಾವಳಿಯವರ ಹತ್ತಿರ ‘ಇಗರ್ಜಿ’ ಇದೆ. ಪೋರ್ಚುಗೀಸಿನಿಂದ ಬಂದದ್ದು, ಈಗ ನಮ್ಮದು. ಕಿಟಕಿಗೆ ಅವರು ಬಿಟ್ಟುಹೋದ ‘ಜನೆಲ್’ ಕೂಡ ಅಲ್ಲಿನ ಬಾಯಲ್ಲಿದೆ. ಅಣ್ಣಾ, ಅಲಮಾರಿನ ಚಾವಿ ಹುಡುಕುವಾಗ ನಿಮಗೆ ಪೋರ್ಚುಗೀಸರು ನೆನಪಾಗುತ್ತಾರಾ? ಆ ಎರಡೂ ಅವರವೇ.

ಮರು: ಮರು: ಕೆಥೆಡ್ರಲ್

ನಮ್ಮ ಮನೆಯಲ್ಲಿ ಬೀಗದ ಕೈ ಇದೆ. ಚಾವಿ ಇಲ್ಲ.

ಮರು: ಮರು: ಮರು: ಕೆಥೆಡ್ರಲ್

ಇಗರ್ಜಿ ಅಂದರೆ ಚರ್ಚು. ಎಲ್ಲ ಚರ್ಚೂ ಕೆಥೆಡ್ರಲ್ ಅಲ್ಲ. ಬಿಷಪ್ಪರ ಪೀಠ ಇದ್ದರೆ ಮಾತ್ರ. ಗ್ರೀಕಿನ ‘ಕಥೆದ್ರಾ’ ಎಂದರೇ ಕೂರುವ ಪೀಠ. ಆದ್ದರಿಂದ ‘ಪೀಠಾಲಯ’ ಎಂದು…

ಮರು: ಪದ ಬೇಕು (ಸಿಕ್ಕಿತು)

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಹನ್ನೊಂದಾಯಿತು, ಇನ್ನು ಕಾಯಲಾರೆ.

ತಲೆಬರಹ: ‘ಬಣ್ಣಗಾಜಿನ ಕಿಟಕಿಗಳು’. ಕೆಳಗಿನ ಸಾಲಿನಲ್ಲಿ ಬರೀ ‘ಕಿಟಕಿ’. ಮಾತೆಯ ಫಲಕದಲ್ಲಿ ‘ಚೆಲುವಿನ ಕಿಟಕಿಯ ಮಾತೆ’ ಅಂತ ಇಟ್ಟಿದ್ದೇನೆ. ಗಾಜು ಬಿಟ್ಟೆ, ಸಾಲು ಉದ್ದವಾಗುತ್ತಿತ್ತು. ಕೆಥೆಡ್ರಲ್ ಕೆಥೆಡ್ರಲ್ಲೇ. ಗಾಜಿನ ಕೆಲಸದವರು ಹೇಳಿದ ಕೋಬಾಲ್ಟಿನ ಮಾತನ್ನು ನೀಲಿ ಕಿಟಕಿಯ ಫಲಕಕ್ಕೆ ಸೇರಿಸಿದೆ. ಇಲ್ಲದಿದ್ದರೆ ‘ಬಣ್ಣ ಬಳಿದ’ ಅಂತಲೇ ಹೋಗುತ್ತಿತ್ತು. ಬೆಳಕಿಂಡಿ ಬಿಡುವುದಕ್ಕೆ ಮನಸ್ಸಿರಲಿಲ್ಲ ಅಕ್ಕಾ, ಆದರೆ ಆ ಪುಟ್ಟ ತೂತು ನನ್ನ ತಲೆಯಿಂದಲೂ ಹೋಗಲಿಲ್ಲ.

ಮೇಷ್ಟ್ರೇ, ಪಡುವಣ, ಬಡಗಣ, ತೆಂಕಣ ಗೋಡೆಗಳ ಗುಲಾಬಿ ಹೂವಿನಂಥ ಮೂರು ಕಿಟಕಿಗಳಿಗೆ ನಿಮ್ಮ ಪದವನ್ನೇ ಇಟ್ಟಿದ್ದೇನೆ: ‘ದುಂಡು ಗವಾಕ್ಷ’.

ಮರು: ಸಿಕ್ಕಿತು

ಗೋವಿನ ಕಣ್ಣು ಚೌಕವಾಗಿರುತ್ತದೆಯೇ? ‘ದುಂಡು’ ತೆಗೆಯಿರಿ.

ಮರು: ಮರು: ಸಿಕ್ಕಿತು

ಪ್ರಿಂಟಿಗೆ ಹೋಯ್ತು ಸಾರ್.